ದಾಳವಿಲ್ಲ, ಅದೃಷ್ಟವಿಲ್ಲ, ಇರುವುದು ಮಾತು ಮಾತ್ರ: ಡಿಪ್ಲೊಮಸಿ ಬೋರ್ಡ್ ಗೇಮ್ ತೆಗೆದುಕೊಳ್ಳಬಹುದಾ?

ಮೊದಲೇ ಹೇಳಿಬಿಡುತ್ತೇನೆ. ಏಳು ಜನ ಸಿಗುತ್ತಾರೆ, ಒಂದು ಇಡೀ ಭಾನುವಾರ ಬಿಡುವು ಮಾಡಿಕೊಳ್ಳುತ್ತಾರೆ ಅನ್ನುವುದಾದರೆ ಕಣ್ಣು ಮುಚ್ಚಿಕೊಂಡು ತೆಗೆದುಕೊಳ್ಳಿ. ಮನೆಯಲ್ಲಿ ಇಬ್ಬರು ಮೂವರೇ ಇದ್ದೀರಿ, ಊಟ ಆದ ಮೇಲೆ ಒಂದು ಗಂಟೆ ಆಡೋಣ ಅಂತಿದ್ದರೆ ಬೇಡ, ದುಡ್ಡು ದಂಡ. ಡಿಪ್ಲೊಮಸಿ ಆ ಥರದ ಆಟ ಅಲ್ಲ.

ನಾನು ಇದನ್ನು ತರಿಸಿದ್ದು ಇತಿಹಾಸದ ಆಸೆಗೆ. ಮೊದಲ ಮಹಾಯುದ್ಧಕ್ಕೆ ಕಾರಣಗಳು ಅಂದರೆ ಈ ಕಡೆ ತ್ರಿರಾಷ್ಟ್ರ ಮೈತ್ರಿಕೂಟ, ಆ ಕಡೆ ತ್ರಿರಾಷ್ಟ್ರ ಸೌಹಾರ್ದ ಕೂಟ ಅಂತ ಬಾಯಿಪಾಠ ಮಾಡಿ ಪರೀಕ್ಷೆ ಬರೆದವರೇ ಅಲ್ವಾ ನಾವೆಲ್ಲ. ಯಾವ ದೇಶ ಯಾವ ಕಡೆ ಇತ್ತು ಅನ್ನುವುದು ಗೊತ್ತಿರುತ್ತದೆ. ಯಾಕೆ ಆ ಕಡೆ ಹೋಯಿತು, ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ ಯಾಕೆ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿದ್ದರು, ಅದು ಪುಸ್ತಕದಿಂದ ಅಷ್ಟು ಸುಲಭಕ್ಕೆ ತಲೆಗೆ ಹೋಗುವುದಿಲ್ಲ. ಈ ಆಟ ಅದನ್ನು ಒಂದೇ ಮಧ್ಯಾಹ್ನದಲ್ಲಿ ಅರ್ಥ ಮಾಡಿಸುತ್ತದೆ. ನನ್ನ ಮಟ್ಟಿಗೆ ಇದರ ದೊಡ್ಡ ಗುಣ ಅದೇ.

ಆಟ ಹೊಸದಲ್ಲ. ಅಮೆರಿಕದ ಅಲನ್ ಕ್ಯಾಲ್ಹಮರ್ ಅನ್ನುವವರು 1950ರ ದಶಕದಲ್ಲಿ ಇದನ್ನು ರೂಪಿಸಿದರು. 1959ರಲ್ಲಿ ತಮ್ಮದೇ ಖರ್ಚಿನಲ್ಲಿ 500 ಪ್ರತಿ ಮಾಡಿಸಿ ಮಾರಿದರು. ಆಮೇಲೆ ಬಹಳ ವರ್ಷ ಅವರು ಮನೆಮನೆಗೆ ಅಂಚೆ ಹಂಚುವ ಕೆಲಸ ಮಾಡಿಕೊಂಡಿದ್ದರು. ಅವರ ಆಟವನ್ನೂ 1960ರ ದಶಕದಿಂದ ಜನ ಅಂಚೆಯಲ್ಲೇ ಆಡತೊಡಗಿದರು. ಕಾಗದ ಬರೆದು ಸಂಧಾನ ಮಾಡಿ, ಕಾಗದದಲ್ಲೇ ಮೋಸ ಹೋಗಿ, ಒಂದೊಂದು ಆಟ ತಿಂಗಳುಗಟ್ಟಲೆ ಎಳೆಯುತ್ತಿತ್ತಂತೆ. ಈಗ ಅಮೆರಿಕದ ರೆನಿಗೇಡ್ ಗೇಮ್ ಸ್ಟುಡಿಯೋಸ್ ಇದನ್ನು ಹೊರತರುತ್ತಿದೆ.

ಬೋರ್ಡ್ ಮೇಲೆ ಇರುವುದು 1901ರ ಯುರೋಪಿನ ನಕ್ಷೆ. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಆಸ್ಟ್ರಿಯಾ-ಹಂಗರಿ, ರಷ್ಯಾ, ಟರ್ಕಿ, ಹೀಗೆ ಏಳು ದೇಶ, ಏಳು ಜನ. ನಕ್ಷೆಯಲ್ಲಿ 34 ಸಪ್ಲೈ ಸೆಂಟರ್‌ಗಳಿವೆ. ನಿಮ್ಮ ಕೈಯಲ್ಲಿ ಎಷ್ಟು ಸೆಂಟರ್ ಇವೆಯೋ, ಸೈನ್ಯ ಹಡಗುಪಡೆ ಎರಡೂ ಸೇರಿ ಅಷ್ಟೇ. ಶುರುವಿನಲ್ಲಿ ಎಲ್ಲರಿಗೂ ಮೂರು, ರಷ್ಯಾಕ್ಕೆ ಮಾತ್ರ ನಾಲ್ಕು. ಬೆಲ್ಜಿಯಂ, ಸರ್ಬಿಯಾ, ನಾರ್ವೆ ಥರದ 12 ಸೆಂಟರ್ ಯಾರಿಗೂ ಸೇರಿಲ್ಲ, ಮೊದಲ ಓಟ ಅವುಗಳ ಕಡೆಗೆ. 18 ಹಿಡಿದವರು ಗೆದ್ದರು. ಯಾರೂ ಗೆಲ್ಲದಿದ್ದರೆ, ಆಟದಲ್ಲಿ ಇನ್ನೂ ಉಳಿದಿರುವವರೆಲ್ಲ ಒಪ್ಪಿ ಡ್ರಾ ಮಾಡಿಕೊಂಡು ಎದ್ದೇಳಬಹುದು.

1901 ಅನ್ನುವ ವರ್ಷ ಸುಮ್ನೆ ಹಾಕಿದ್ದಲ್ಲ ಅಂತ ನನಗೆ ಅನಿಸುತ್ತದೆ. ಆ ಹೊತ್ತಿಗೆ ಜರ್ಮನಿ, ಆಸ್ಟ್ರಿಯಾ, ಇಟಲಿ ನಡುವಿನ 1882ರ ಒಪ್ಪಂದ ಇತ್ತು. ಫ್ರಾನ್ಸ್ ಮತ್ತು ರಷ್ಯಾದ 1894ರ ಮೈತ್ರಿಯೂ ಇತ್ತು. ಆದರೆ ಇಂಗ್ಲೆಂಡ್ ಇನ್ನೂ ಒಂಟಿ. ಮೂರು ವರ್ಷದ ಹಿಂದೆಯಷ್ಟೇ, 1898ರಲ್ಲಿ, ಆಫ್ರಿಕಾದ ಫಶೋಡದಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಯುದ್ಧದ ಅಂಚಿಗೆ ಹೋಗಿ ಬಂದಿದ್ದವು. ರಷ್ಯಾ ಅಂದರೆ ಇಂಗ್ಲೆಂಡಿಗೆ ನಮ್ಮ ವಾಯವ್ಯ ಗಡಿಯ ಕಡೆಯಿಂದ ಸದಾ ಭಯ. ಅಂಥ ಫ್ರಾನ್ಸ್ ಜೊತೆ 1904ರಲ್ಲಿ, ಅಂಥ ರಷ್ಯಾ ಜೊತೆ 1907ರಲ್ಲಿ ಇಂಗ್ಲೆಂಡ್ ಕೈಕುಲುಕಿತು. ಮುಂದೆ 1914ರಲ್ಲಿ ಯಾರು ಯಾರ ಕಡೆ ನಿಲ್ಲುತ್ತಾರೆ ಅನ್ನುವುದು 1901ರಲ್ಲಿ ಕೂತವರಿಗೆ ಗೊತ್ತಾಗುವ ಮಾತೇ ಆಗಿರಲಿಲ್ಲ. ಆಟ ಶುರುವಾದಾಗ ಮೇಜಿನ ಸುತ್ತ ಕೂತವರಿಗೂ ಅದೇ ಸ್ಥಿತಿ. ಯಾರು ಯಾರ ಜೊತೆ ಬೇಕಾದರೂ ಹೋಗಬಹುದು.

ಈಗ ಆಡುವ ರೀತಿ. ವರ್ಷಕ್ಕೆ ಎರಡು ಸುತ್ತು. ಪ್ರತಿ ಸುತ್ತಿಗೆ ಮೊದಲು ಮಾತುಕತೆಯ ಸಮಯ, ಮೊದಲ ಸಲ ಅರ್ಧ ಗಂಟೆ, ಆಮೇಲೆ ಕಾಲು ಗಂಟೆ. ಯಾರು ಯಾರ ಜೊತೆ ಬೇಕಾದರೂ ಎದ್ದು ಹೋಗಿ ಗುಟ್ಟಾಗಿ ಮಾತಾಡಬಹುದು. ಏನು ಬೇಕಾದರೂ ಮಾತು ಕೊಡಬಹುದು, ಮತ್ತು ಕೊಟ್ಟ ಮಾತನ್ನು ಉಳಿಸಿಕೊಳ್ಳಲೇಬೇಕು ಅನ್ನುವ ನಿಯಮವಿಲ್ಲ. ಆಮೇಲೆ ಎಲ್ಲರೂ ತಮ್ಮ ತಮ್ಮ ಆರ್ಡರ್‌ಗಳನ್ನು, ಅಂದರೆ ತಮ್ಮ ಯಾವ ಸೈನ್ಯ ಏನು ಮಾಡಬೇಕು ಅನ್ನುವುದನ್ನು, ಚೀಟಿಯಲ್ಲಿ ಬರೆದು ಮಡಿಸಿಡುತ್ತಾರೆ. ಎಲ್ಲ ಚೀಟಿಗಳೂ ಒಟ್ಟಿಗೆ ತೆರೆದುಕೊಳ್ಳುತ್ತವೆ. ದಾಳ ಇಲ್ಲ, ಇಸ್ಪೀಟಿನ ಥರ ಎಲೆ ಎಳೆಯುವುದಿಲ್ಲ. ಏನಾದರೂ ಕೆಟ್ಟದ್ದಾದರೆ ಗ್ರಹಚಾರ ಅಂತ ಹೇಳಿಕೊಳ್ಳುವುದಕ್ಕೆ ಜಾಗವೇ ಇಲ್ಲ, ಯಾರೋ ಒಬ್ಬ ಮನುಷ್ಯ ಯೋಚನೆ ಮಾಡಿ ಬರೆದದ್ದರಿಂದಲೇ ಆಗಿರುತ್ತದೆ.

ಇದರಲ್ಲಿ ಒಂದು ಸೈನ್ಯದ ಬಲ ಒಂದೇ. ರಷ್ಯಾದ್ದೂ ಒಂದು, ಇಟಲಿಯದೂ ಒಂದು. ಒಂದೇ ಜಾಗಕ್ಕೆ ಇಬ್ಬರು ಸಮಬಲದಲ್ಲಿ ನುಗ್ಗಿದರೆ ಇಬ್ಬರೂ ವಾಪಸ್. ನಿಂತವನನ್ನು ಕದಲಿಸಬೇಕು ಅಂದರೆ ಪಕ್ಕದಲ್ಲಿರುವ ಇನ್ನೊಂದು ಸೈನ್ಯ ಸಪೋರ್ಟ್ ಕೊಡಬೇಕು, ಆಗ ಬಲ ಎರಡಾಗುತ್ತದೆ. ಆ ಸಪೋರ್ಟ್ ನಿಮ್ಮದೇ ಸೈನ್ಯದಿಂದ ಬರಬಹುದು, ಬೇರೆ ದೇಶದ ಸೈನ್ಯದಿಂದಲೂ ಬರಬಹುದು. ಇಡೀ ಆಟ ನಿಂತಿರುವುದು ಈ ಒಂದು ನಿಯಮದ ಮೇಲೆ. ಮೂರು ಸೈನ್ಯ ಇಟ್ಟುಕೊಂಡು ಒಬ್ಬರೇ ಏನೂ ಕಿತ್ತುಕೊಳ್ಳಲಾಗುವುದಿಲ್ಲ. ಹಾಗಾಗಿ ಮಿತ್ರ ಬೇಕೇ ಬೇಕು. ಮಿತ್ರ ಸಪೋರ್ಟ್ ಕೊಡಬೇಕಾದರೆ ಅವನ ಸೈನ್ಯ ನೀವು ನುಗ್ಗುವ ಜಾಗಕ್ಕೆ ಅಂಟಿಕೊಂಡು, ಅಂದರೆ ಹೆಚ್ಚಾಗಿ ನಿಮ್ಮ ಪಕ್ಕದಲ್ಲೇ, ನಿಂತಿರಬೇಕು. ಪಕ್ಕದಲ್ಲಿ ನಿಂತವನಿಗೆ ನಿಮ್ಮ ಮನೆ ಬಾಗಿಲು ಒಂದೇ ಹೆಜ್ಜೆ. ಸಹಾಯ ಮಾಡುವ ದೂರವೂ ಅದೇ, ಹೊಡೆಯುವ ದೂರವೂ ಅದೇ. ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ಯಾಕೆ ಗಡಿಯಲ್ಲಿ ಕೋಟೆ ಕಟ್ಟುತ್ತಲೇ ಇರುತ್ತವೆ ಅನ್ನುವುದು ನನಗೆ ಸರಿಯಾಗಿ ತಿಳಿದದ್ದು ಇಲ್ಲಿ.

ನಾವು ಆಡಿದ ಒಂದು ಆಟದ ಒಂದೇ ಒಂದು ಸುತ್ತನ್ನು ಹೇಳುತ್ತೇನೆ, ಎಲ್ಲ ಅರ್ಥವಾಗುತ್ತದೆ. 1903ರ ಎರಡನೇ ಸುತ್ತು. ನನ್ನದು ಆಸ್ಟ್ರಿಯಾ. ನನ್ನ ಒಂದು ಸೈನ್ಯ ಸರ್ಬಿಯಾದಲ್ಲಿ ನಿಂತಿದೆ. ಅದಕ್ಕೆ ಅಂಟಿಕೊಂಡ ಬಲ್ಗೇರಿಯಾದಲ್ಲಿ ಟರ್ಕಿ, ರುಮೇನಿಯಾದಲ್ಲಿ ರಷ್ಯಾ. ಇವರಿಬ್ಬರೂ ಆಟದ ಮೊದಲಿಂದ ದೋಸ್ತಿ. ಕಪ್ಪು ಸಮುದ್ರದಲ್ಲಿ ಟರ್ಕಿಯ ಹಡಗು ಇರುವುದಕ್ಕೂ ರಷ್ಯಾ ಒಪ್ಪಿಕೊಂಡಿತ್ತು. ಈ ಸುತ್ತಿನಲ್ಲಿ ರಷ್ಯಾದ ಸಪೋರ್ಟ್ ಪಡೆದು ಟರ್ಕಿ ಸರ್ಬಿಯಾಕ್ಕೆ ನುಗ್ಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಬಾಲ್ಕನಿಯಲ್ಲಿ ನಿಂತು ಇಬ್ಬರೂ ಬಹಳ ಹೊತ್ತು ಮಾತಾಡಿ ನಗುತ್ತಾ ಒಳಗೆ ಬಂದರು. ಚೀಟಿ ತೆರೆದೆವು. ರಷ್ಯಾದ ಚೀಟಿ ಹೇಳಿದ ಹಾಗೇ ಇತ್ತು, ಬಲ್ಗೇರಿಯಾದಿಂದ ಸರ್ಬಿಯಾಕ್ಕೆ ಹೋಗುವ ಟರ್ಕಿಗೆ ಸಪೋರ್ಟ್. ಟರ್ಕಿಯ ಚೀಟಿ ಓದಿದರೆ, ಬಲ್ಗೇರಿಯಾದ ಸೈನ್ಯ ರುಮೇನಿಯಾಕ್ಕೆ, ಕಪ್ಪು ಸಮುದ್ರದ ಹಡಗಿನಿಂದ ಅದಕ್ಕೆ ಸಪೋರ್ಟ್. ಎರಡಕ್ಕೆ ಒಂದು. ರಷ್ಯಾದ ಸೈನ್ಯ ಉಕ್ರೇನ್ ಕಡೆ ಓಡಿತು. ಮೇಜಿನ ಸುತ್ತ ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಟರ್ಕಿ ಆಡುತ್ತಿದ್ದ ಗೆಳತಿಯನ್ನು ಆಮೇಲೆ ಕೇಳಿದೆ, ಯಾಕೆ ಹೀಗೆ ಮಾಡಿದೆ ಅಂತ. ಅವಳ ಉತ್ತರ ನೇರವಾಗಿತ್ತು. ರಷ್ಯಾ ಆಗಲೇ ಏಳು ಸೆಂಟರ್ ಮಾಡಿಕೊಂಡಿತ್ತು, ತನ್ನದು ನಾಲ್ಕು. ಸರ್ಬಿಯಾ ಸಿಕ್ಕರೂ ಐದು ಅಷ್ಟೇ. ಆಸ್ಟ್ರಿಯಾ ಮುಗಿದ ಮೇಲೆ ರಷ್ಯಾಕ್ಕೆ ಮುಂದಿನ ತುತ್ತು ತಾನೇ. ಇವತ್ತು ರಷ್ಯಾ ನನ್ನ ಪಕ್ಕ ನಿಂತು ಬೇರೆ ಕಡೆ ನೋಡುತ್ತಿದೆ, ಮುಂದಿನ ವರ್ಷ ಹೀಗೇ ಇರುವುದಿಲ್ಲ, ಅಂದಳು. ಅದರಲ್ಲಿ ದ್ವೇಷ ಇರಲಿಲ್ಲ, ಬರೀ ಲೆಕ್ಕ ಇತ್ತು. ರಷ್ಯಾದವನು ಮಾತ್ರ ಲೆಕ್ಕ ಬಿಟ್ಟ. ಮುಂದಿನ ಮಾತುಕತೆಯಲ್ಲಿ ನೇರ ನನ್ನ ಹತ್ತಿರ ಬಂದು, "ನಿನಗೆ ಏನು ಬೇಕು ಹೇಳು, ಕೊಡ್ತೀನಿ. ಟರ್ಕಿ ಮಾತ್ರ ಉಳಿಯಬಾರದು" ಅಂದ. ಸಾಯುವುದಕ್ಕೆ ಕೂತಿದ್ದ ಆಸ್ಟ್ರಿಯಾ ಹಾಗೆ ಬದುಕಿಕೊಂಡಿತು.

ಇದು ಬರೀ ಆಟದಲ್ಲಿ ನಡೆಯುವ ಮಾತಲ್ಲ. ಅದೇ ಬಲ್ಗೇರಿಯಾ, ಅದೇ ಸರ್ಬಿಯಾದಲ್ಲಿ ನಿಜವಾಗಿ ನಡೆದದ್ದನ್ನು ನೋಡಿ. 1912ರಲ್ಲಿ ಬಲ್ಗೇರಿಯಾ, ಸರ್ಬಿಯಾ, ಗ್ರೀಸ್, ಮಾಂಟೆನೆಗ್ರೊ ಒಟ್ಟಾಗಿ ಟರ್ಕಿಯ ಮೇಲೆ ಬಿದ್ದು ಗೆದ್ದವು. 1913ರ ಮೇ 30ರಂದು ಲಂಡನ್‌ನಲ್ಲಿ ಶಾಂತಿ ಒಪ್ಪಂದ. ಗೆದ್ದ ಮ್ಯಾಸಿಡೋನಿಯಾದಲ್ಲಿ ಯಾರಿಗೆ ಎಷ್ಟು ಅನ್ನುವ ಜಗಳ ಶುರುವಾಯಿತು. ಜೂನ್ ಮುಗಿಯುವಷ್ಟರಲ್ಲಿ ಬಲ್ಗೇರಿಯಾ ತನ್ನ ಜೊತೆಗಾರರಾದ ಸರ್ಬಿಯಾ, ಗ್ರೀಸ್ ಮೇಲೆಯೇ ಸೈನ್ಯ ನುಗ್ಗಿಸಿತು. ಒಂದು ತಿಂಗಳು! ಇದೇ ಸಮಯ ಅಂತ ರುಮೇನಿಯಾ ಹಿಂದಿನಿಂದ ಬಂತು, ಸೋತು ಕೂತಿದ್ದ ಟರ್ಕಿಯೂ ಎದ್ದು ಬಂದು ಎಡಿರ್ನೆ ಊರನ್ನು ವಾಪಸ್ ತೆಗೆದುಕೊಂಡಿತು. ಬಲ್ಗೇರಿಯಾ ಸೋತಿತು. ಆ ಸಿಟ್ಟು ಅದರ ಮನಸ್ಸಿನಿಂದ ಹೋಗಲಿಲ್ಲ, 1915ರಲ್ಲಿ ಜರ್ಮನಿ ಮತ್ತು ಆಸ್ಟ್ರಿಯಾ ಜೊತೆ ಸೇರಿ ಸರ್ಬಿಯಾದ ಮೇಲೆ ಬಿದ್ದಿತು. ಆ ಜೊತೆಗಾರರಲ್ಲಿ ಮೊನ್ನೆ ಮೊನ್ನೆಯ ಶತ್ರು ಟರ್ಕಿಯೂ ಇತ್ತು. ನಮ್ಮ ಮೇಜಿನ ಮೇಲೆ ರಷ್ಯಾದವನು ಮಾಡಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ?

ಇಟಲಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಕ್ಷೆಯಲ್ಲಿ ಇಟಲಿಯ ವೆನಿಸ್ ಮತ್ತು ಆಸ್ಟ್ರಿಯಾದ ಟ್ರಿಯೆಸ್ಟ್ ಒಂದಕ್ಕೊಂದು ಅಂಟಿಕೊಂಡಿವೆ. ಎರಡು ದೇಶಗಳ ಸ್ವಂತ ಸೆಂಟರ್‌ಗಳು ಹೀಗೆ ಗೋಡೆ ಹಂಚಿಕೊಂಡಿರುವುದು ಇಡೀ ಬೋರ್ಡಿನಲ್ಲಿ ಇಲ್ಲಿ ಮಾತ್ರ. ಹಾಗಾಗಿ ಇಟಲಿ, ಆಸ್ಟ್ರಿಯಾ ಆಡುವವರು ಎಷ್ಟೇ ಒಳ್ಳೆಯ ಸ್ನೇಹಿತರಾದರೂ ಮೊದಲ ಸುತ್ತಿನಿಂದಲೇ ಒಬ್ಬರ ಕೈ ಒಬ್ಬರು ನೋಡುತ್ತಿರುತ್ತಾರೆ. ನಿಜವಾದ ಇಟಲಿ 1882ರಿಂದ ಆಸ್ಟ್ರಿಯಾದ ಮಿತ್ರ. 1914ರಲ್ಲಿ ಯುದ್ಧ ಬಂದಾಗ, ಇದು ನೀವೇ ಶುರು ಮಾಡಿದ ಯುದ್ಧ, ಒಪ್ಪಂದದಲ್ಲಿ ಇದಿಲ್ಲ ಅಂತ ತಟಸ್ಥವಾಗಿ ಕೂತಿತು. 1915ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಇಂಗ್ಲೆಂಡ್, ಫ್ರಾನ್ಸ್, ರಷ್ಯಾ ಜೊತೆ ಗುಟ್ಟಾಗಿ ಒಪ್ಪಂದ ಮಾಡಿಕೊಂಡಿತು, ಟ್ರಿಯೆಸ್ಟ್ ಸೇರಿ ಆಸ್ಟ್ರಿಯಾದ ಜಾಗಗಳನ್ನು ಕೊಡುತ್ತೇವೆ ಅಂತ ಮಾತು ಸಿಕ್ಕಿತು. ಮೇ ತಿಂಗಳಲ್ಲಿ ಆಸ್ಟ್ರಿಯಾದ ಮೇಲೆ ಯುದ್ಧ ಸಾರಿತು. ಆಟ ಆಡುವಾಗ ಇಟಲಿಯವರು ಟ್ರಿಯೆಸ್ಟ್ ಕಡೆ ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಇನ್ನು ನಮ್ಮ ಕಡೆಯ ಕಥೆ. ಮೈಸೂರು ಸೀಮೆಯವರಿಗೆ ಈ ಆಟ ಆಡುವಾಗ 18ನೇ ಶತಮಾನ ನೆನಪಾಗದೇ ಇರುವುದಿಲ್ಲ. 1780ರ ಹೊತ್ತಿಗೆ ಹೈದರ್ ಅಲಿ, ಮರಾಠರು, ನಿಜಾಮ ಮೂವರೂ ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಒಂದಾಗಿದ್ದರು. ಆ ವರ್ಷ ಪೊಳ್ಳಿಲೂರಿನಲ್ಲಿ ಕಂಪನಿಗೆ ಬಿದ್ದ ಪೆಟ್ಟು ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಚಿತ್ರದಲ್ಲಿ ಇವತ್ತಿಗೂ ಇದೆ. ಆದರೆ ಕೂಟ ಉಳಿಯಲಿಲ್ಲ. 1782ರಲ್ಲಿ ಕಂಪನಿಯ ಜೊತೆ ಸಾಲ್ಬಾಯಿ ಒಪ್ಪಂದ ಮಾಡಿಕೊಂಡು ಮರಾಠರು ಪಕ್ಕಕ್ಕೆ ಸರಿದರು, ಆ ಮೂವರಲ್ಲಿ ಮೈಸೂರು ಮಾತ್ರ ಹೋರಾಟ ಮುಂದುವರಿಸಿತು. 1790ಕ್ಕೆ ಇಡೀ ಬೋರ್ಡೇ ತಿರುಗಿತು. ಕಂಪನಿ, ಮರಾಠರು, ನಿಜಾಮ ಮೂವರೂ ಟಿಪ್ಪುವಿನ ವಿರುದ್ಧ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ, ಇಬ್ಬರು ಮಕ್ಕಳು ಒತ್ತೆ. 1799ರಲ್ಲಿ ಎಲ್ಲ ಮುಗಿಯಿತು.

ಆಮೇಲೆ ಏನಾಯಿತು ನೋಡಿ. ನಿಜಾಮ 1798ರಲ್ಲೇ ಕಂಪನಿಯ ಸೈನ್ಯವನ್ನು ತನ್ನ ಖರ್ಚಿನಲ್ಲಿ ಸಾಕುವ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿದ್ದ. ಮರಾಠರ ಮೇಲೆ ಕಂಪನಿ 1803ರಲ್ಲಿ ತಿರುಗಿಬಿತ್ತು, 1818ಕ್ಕೆ ಪೇಶ್ವೆಯ ಆಳ್ವಿಕೆಯೇ ಇಲ್ಲ. ಮೈಸೂರನ್ನು ಬಗ್ಗಿಸಲು ಸಪೋರ್ಟ್ ಕೊಟ್ಟವರು ತಮ್ಮ ಪಕ್ಕದಲ್ಲಿ ಏಳು ಸೆಂಟರ್‌ನವನೊಬ್ಬ ಬೆಳೆಯುತ್ತಿದ್ದಾನೆ ಅನ್ನುವುದನ್ನು ಎಣಿಸಲೇ ಇಲ್ಲ. ನನ್ನ ಗೆಳತಿ ಎಣಿಸಿದಳು. ಆಟದಲ್ಲಿ ಎಣಿಸುವುದು ಸುಲಭ, ಎಲ್ಲರ ಸೈನ್ಯವೂ ಕಣ್ಣೆದುರೇ ಇರುತ್ತದೆ. ಪುಣೆಯಲ್ಲಿ, ಹೈದರಾಬಾದಿನಲ್ಲಿ ಕೂತವರಿಗೆ ಕಂಪನಿಯ ಹಿಂದೆ ಬಂಗಾಳದ ಕಂದಾಯ, ಲಂಡನ್ನಿನ ಸಾಲ, ಹಡಗು ಎಷ್ಟಿದೆ ಅನ್ನುವುದು ಅಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಹಾಗಾಗಿ ಅವರನ್ನು ದಡ್ಡರು ಅಂತ ಕರೆಯುವವರನ್ನು ನಾನು ಒಪ್ಪುವುದಿಲ್ಲ.

ಈಗ ಕೊರತೆಗಳು. ಮೊದಲನೆಯದು ಸಮಯ. ಐದಾರು ಗಂಟೆ ಕನಿಷ್ಠ, ಜಾಸ್ತಿಯೂ ಆಗುತ್ತದೆ. ಮಾತುಕತೆಗೆ ಗಡಿಯಾರ ಇಟ್ಟುಕೊಳ್ಳದಿದ್ದರೆ ರಾತ್ರಿಯಾದರೂ 1905 ದಾಟುವುದಿಲ್ಲ. ಎರಡನೆಯದು ಇನ್ನೂ ಬೇಸರದ್ದು. ಬೇಗ ಸೋತವರು ಸುಮ್ನೆ ಕೂರಬೇಕು. ಮಧ್ಯದಲ್ಲಿರುವ ಆಸ್ಟ್ರಿಯಾಕ್ಕೆ ಈ ಗತಿ ಬರುವುದು ಜಾಸ್ತಿ. ಏಳು ಜನರಲ್ಲಿ ಒಬ್ಬರು ಮಧ್ಯಾಹ್ನ ಎರಡಕ್ಕೇ ಹೊರಗೆ ಬಿದ್ದು, ಉಳಿದವರಿಗೆ ಕಾಫಿ ಮಾಡಿಕೊಡುತ್ತಾ ಸಂಜೆವರೆಗೆ ಇರುವುದು ಚೆನ್ನಾಗಿರುವುದಿಲ್ಲ. ಆಟ ರೂಪಿಸಿದವರು ಇದಕ್ಕೆ ಏನಾದರೂ ದಾರಿ ಇಟ್ಟಿರಬೇಕಿತ್ತು. ಹಡಗಿನ ಮೂಲಕ ಸೈನ್ಯ ದಾಟಿಸುವ ನಿಯಮವೂ ಹೊಸಬರಿಗೆ ತಲೆ ತಿನ್ನುತ್ತದೆ. ಮೊದಲ ಆಟಕ್ಕೆ ನಿಯಮ ಚೆನ್ನಾಗಿ ತಿಳಿದ ಒಬ್ಬರು ಆಡದೇ ಪಕ್ಕದಲ್ಲಿ ಕೂತು ಚೀಟಿ ಬಿಡಿಸಿದರೆ ಜಗಳ ಕಡಿಮೆ.

ಜಗಳ ಅಂದೆ. ಇದರಲ್ಲಿ ಮಾತು ತಪ್ಪಿದವರ ಮೇಲೆ ಬರುವ ಸಿಟ್ಟು ನಿಜವಾದ ಸಿಟ್ಟು. ಹೊಸದಾಗಿ ಮದುವೆಯಾದವರನ್ನು, ಆಸ್ತಿ ಭಾಗದ ಮಾತು ನಡೆಯುತ್ತಿರುವ ಅಣ್ಣತಮ್ಮಂದಿರನ್ನು ಒಂದೇ ಬೋರ್ಡಿಗೆ ಕೂರಿಸಬೇಡಿ. ಇದನ್ನು ತಮಾಷೆಗೆ ಹೇಳುತ್ತಿಲ್ಲ.

ನನಗೆ ಜಾಸ್ತಿ ಕಾಡಿದ ಕೊರತೆ ಬೇರೆ. ಈ ನಕ್ಷೆಯಲ್ಲಿ ಇಂಗ್ಲೆಂಡಿಗೆ ಮೂರೇ ಸೆಂಟರ್, ಲಂಡನ್, ಎಡಿನ್‌ಬರೊ, ಲಿವರ್‌ಪೂಲ್. ನಿಜವಾದ ಇಂಗ್ಲೆಂಡಿನ ಬಲ ಅಲ್ಲಿ ಮಾತ್ರ ಇತ್ತಾ? ಮೊದಲ ಮಹಾಯುದ್ಧಕ್ಕೆ ಭಾರತದಿಂದ ಸಮುದ್ರ ದಾಟಿ ಹೋದವರು ಸುಮಾರು 13 ಲಕ್ಷ ಜನ, ಸತ್ತವರು 74,000ಕ್ಕೂ ಹೆಚ್ಚು. ಬೋರ್ಡಿನ ಬಲ ಮೂಲೆಯಲ್ಲಿ ಸಿರಿಯಾ ಅಂತ ಒಂದು ಜಾಗವಿದೆ. ಅಲ್ಲಿ ಸೆಂಟರ್ ಇಲ್ಲ, ಆಡುವಾಗ ಯಾರೂ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಆ ಕರಾವಳಿಯ ಹೈಫಾ ಊರನ್ನು 1918ರ ಸೆಪ್ಟೆಂಬರ್ 23ರಂದು ಕುದುರೆ ಮೇಲೆ ನುಗ್ಗಿ ಟರ್ಕಿಯಿಂದ ಬಿಡಿಸಿಕೊಂಡವರು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್. ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರು ಸೈನಿಕರ ಪ್ರತಿಮೆಗಳು ಆ ಯುದ್ಧದಲ್ಲಿ ಹೋರಾಡಿದ ಹೈದರಾಬಾದ್, ಜೋಧಪುರ, ಮೈಸೂರಿನ ಕುದುರೆ ಪಡೆಗಳ ನೆನಪಿಗೇ. ಯಾವ ಒಪ್ಪಂದದ ಮೇಜಿನಲ್ಲೂ ಅವರನ್ನು ಕೂರಿಸಿ ಕೇಳಿರಲಿಲ್ಲ. ಆಟದಲ್ಲಿ ಒಂದು ಸೈನ್ಯ ಹೋಯಿತು ಅಂದರೆ ಬೋರ್ಡಿನಿಂದ ಒಂದು ತುಂಡು ಎತ್ತಿಟ್ಟರಾಯಿತು. ಮಕ್ಕಳ ಜೊತೆ ಆಡುವವರು ಈ ವಿಷಯವನ್ನು ಒಂದು ಸಲವಾದರೂ ಮಾತಾಡಿ. ದೇಶಗಳು ಹೇಗೆ ಲೆಕ್ಕ ಹಾಕುತ್ತವೆ ಅನ್ನುವುದನ್ನು ಈ ಆಟ ಚೆನ್ನಾಗಿ ಕಲಿಸುತ್ತದೆ, ಆ ಲೆಕ್ಕದ ಬೆಲೆ ತೆತ್ತವರು ಯಾರು ಅನ್ನುವುದನ್ನು ಕಲಿಸುವುದಿಲ್ಲ.

ಕೊಳ್ಳುವ ವಿಚಾರ. ಹೊರಗಿನಿಂದ ಬರುವ ಆಟವಾದ್ದರಿಂದ ಬೆಲೆ ಅಂಗಡಿಯಿಂದ ಅಂಗಡಿಗೆ ತುಂಬಾ ಬದಲಾಗುತ್ತದೆ, ಎರಡು ಮೂರು ಕಡೆ ನೋಡಿ ತೆಗೆದುಕೊಳ್ಳಿ. ನನ್ನ ಪೆಟ್ಟಿಗೆ ಕೊರಿಯರ್‌ನಲ್ಲಿ ಮೂಲೆ ನಜ್ಜಾಗಿ ಬಂತು, ಒಳಗಿನ ಸಾಮಾನು ಸರಿಯಿತ್ತು. ಮೊದಲು ರುಚಿ ನೋಡಬೇಕು ಅಂದರೆ ಬ್ಯಾಕ್‌ಸ್ಟ್ಯಾಬರ್, ವೆಬ್‌ಡಿಪ್ಲೊಮಸಿ ಅನ್ನುವ ತಾಣಗಳಲ್ಲಿ ಪುಕ್ಕಟೆ ಆಡಬಹುದು. ಏಳು ಜನ ಬೇರೆ ಬೇರೆ ಊರಲ್ಲಿದ್ದರೆ ದಿನಕ್ಕೊಂದು ಸುತ್ತು ಇಟ್ಟುಕೊಂಡರೆ ಆಫೀಸ್ ಕೆಲಸದ ಮಧ್ಯೆಯೂ ನಡೆಯುತ್ತದೆ. ವಾಟ್ಸಾಪಿನಲ್ಲಿ ಸಂಧಾನ, ತಾಣದಲ್ಲಿ ಆರ್ಡರ್. 2022ರಲ್ಲಿ ಮೆಟಾ ಕಂಪನಿಯವರು ಸಿಸೆರೊ ಅನ್ನುವ ಎಐ ಮಾಡಿ ಆನ್‌ಲೈನ್ ಲೀಗ್ ಒಂದರಲ್ಲಿ ಮನುಷ್ಯರ ಜೊತೆ 40 ಆಟ ಆಡಿಸಿದರು, ಅದು ಒಂದಕ್ಕಿಂತ ಹೆಚ್ಚು ಆಟ ಆಡಿದವರ ಪೈಕಿ ಮೇಲಿನ ಶೇ 10ರಲ್ಲಿ ಬಂತು. ಚೆಸ್ ಗೆದ್ದ ಯಂತ್ರದ ಬಗ್ಗೆ ನನಗೆ ಹೆದರಿಕೆ ಆಗಿರಲಿಲ್ಲ. ಮನುಷ್ಯರ ಜೊತೆ ಮಾತಾಡಿ, ಒಪ್ಪಿಸಿ, ತನಗೆ ಬೇಕಾದ ಕಡೆ ತಿರುಗಿಸಿಕೊಳ್ಳುವ ಯಂತ್ರದ ಬಗ್ಗೆ ಆಯಿತು.

ಆದರೂ ಎದುರಾ ಎದುರು ಕೂತು ಆಡುವುದೇ ಬೇರೆ. ಸುಳ್ಳು ಹೇಳುವವರ ಮುಖ ಸ್ಕ್ರೀನಿನಲ್ಲಿ ಕಾಣುವುದಿಲ್ಲ.

ಮೊದಲ ಸಲ ಆಡುವವರಿಗೆ ಫ್ರಾನ್ಸ್ ಅಥವಾ ಟರ್ಕಿ ಕೊಡಿ. ಎರಡೂ ಮೂಲೆಯಲ್ಲಿವೆ, ಬೇಗ ಸಾಯುವುದಿಲ್ಲ, ಕಲಿಯುವುದಕ್ಕೆ ಸಮಯ ಸಿಗುತ್ತದೆ. ಆಸ್ಟ್ರಿಯಾ ಮತ್ತು ಇಟಲಿಯನ್ನು ಆಟ ಗೊತ್ತಿರುವವರು ತೆಗೆದುಕೊಳ್ಳಿ. ಆರೇ ಜನ ಸಿಕ್ಕರೆ ಇಟಲಿಯ ಸೈನ್ಯವನ್ನು ಇದ್ದ ಜಾಗದಲ್ಲೇ ನಿಲ್ಲಿಸಿ ಆಡಬಹುದು. ಐದಕ್ಕಿಂತ ಕಡಿಮೆಯಾದರೆ ಪೆಟ್ಟಿಗೆ ತೆಗೆಯಬೇಡಿ, ಬೇರೆ ಏನಾದರೂ ಆಡಿ.